ಅಚ್ಚಿಗೆ ಅಷ್ಟು ಅವಸರ ಬೇಡ

ಅಮ್ಮ ಬರೆದಿಟ್ಟಿದ್ದ ತೀರ್ಥಹಳ್ಳಿ ಕಡೆಯ ನೆನಪುಗಳನ್ನು ಹೋದ ವರ್ಷ ನಾವೇ ಪುಸ್ತಕ ಮಾಡಿದೆವು. ನಾನಿರುವುದು ನ್ಯೂಜೆರ್ಸಿಯಲ್ಲಿ. ಅಚ್ಚಾಗಿದ್ದು ಬೆಂಗಳೂರಿನಲ್ಲಿ, ಪ್ರಕಾಶಕಿ ಮೈಸೂರಿನ ನಮ್ಮಕ್ಕ. ಅದೇ ಹೊತ್ತಿಗೆ ಇಲ್ಲಿ ನಮ್ಮ ಪಕ್ಕದ ಮನೆಯವರೂ ಇಂಗ್ಲಿಷಿನಲ್ಲಿ ತಮ್ಮ ಪುಸ್ತಕ ತಂದರು.

ಅವರು ಮೊದಲು ಖರ್ಚು ಮಾಡಿದ್ದು ಎಡಿಟರಿಗೆ. ಯಾವ ಅಧ್ಯಾಯ ಇರಬೇಕು, ಯಾವುದು ಬೇಡ ಅಂತ ಒಬ್ಬರು ನೋಡಿದರು. ಸಾಲು ಸಾಲು ತಿದ್ದಲು ಇನ್ನೊಬ್ಬರು. ಆಮೇಲೆ, ಪುಸ್ತಕ ಅಚ್ಚು ಹಾಕಿಕೊಡುವ ಅಮೆಜಾನಿನಿಂದ, ತಪ್ಪು ನೋಡಲು ಒಂದೇ ಒಂದು ಪ್ರೂಫ್ ಪ್ರತಿ ತರಿಸಿಕೊಂಡರು. ಮುಖಪುಟದ ಮೇಲೆ 'ಮಾರಾಟಕ್ಕಲ್ಲ' ಅನ್ನುವ ಪಟ್ಟಿ ಇರುತ್ತದೆ. ಅದನ್ನು ಜಗಲಿಯಲ್ಲಿ ಕೂತು, ಕೈಯಲ್ಲಿ ಪೆನ್ಸಿಲ್ ಹಿಡಿದು, ಗಂಡನಿಗೆ ಕೇಳುವ ಹಾಗೆ ಜೋರಾಗಿ ಓದಿದರು. ಮೂರು ವಾರ!

ನಾವು ಮೊದಲು ಮಾತಾಡಿದ್ದು ಪ್ರೆಸ್ಸಿನವರ ಹತ್ತಿರ. ಡೆಮಿ ಸೈಜು, ಎಷ್ಟು ಫಾರಂ (ಒಂದು ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು), ಯಾವ ಕಾಗದ, ಯಾವತ್ತು ಬಿಡುಗಡೆ. ಹಳೇ ಫಾಂಟಿನಲ್ಲಿ ಟೈಪಾಗಿದ್ದನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತು ಜಾಗ ಬಿಟ್ಟಿತ್ತು. ಧರ್ಮ ಹೋಗಿ 'ಧಮರ್', ಸೂರ್ಯ ಹೋಗಿ 'ಸೂಯರ್'. ಅದು ಎದ್ದು ಕಾಣುತ್ತದೆ, ಸರಿಮಾಡಿದೆವು. ಕಾಣದೇ ಉಳಿದದ್ದು ಬೇರೆ. ಕರಡನ್ನು ನಾನು ರೈಲಿನಲ್ಲಿ, ಫೋನಿನಲ್ಲೇ ಓದಿ ಮುಗಿಸಿದ್ದೆ. ಪುಸ್ತಕ ಕೈಗೆ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದು ನಾನು ಬರೆದಿದ್ದಲ್ಲ ಕಣೋ." ಕೊಟ್ಟಿಗೆಗೆ ಹಾಸಲು ತರುವ ದರಗನ್ನು ಯಾರೋ 'ತರಗೆಲೆ' ಮಾಡಿದ್ದರು. ಒಳ್ಳೇ ಮನಸ್ಸಿನಿಂದಲೇ ಮಾಡಿರಬೇಕು. ಆದರೆ ಅಮ್ಮನ ಬಾಯಲ್ಲಿ ಯಾವತ್ತೂ ತರಗೆಲೆ ಬಂದಿಲ್ಲ. ಅಷ್ಟರಲ್ಲಿ 500 ಪ್ರತಿ ಅಚ್ಚಾಗಿತ್ತು.

ಎಲ್ಲದರಲ್ಲೂ ಇಲ್ಲಿಯದೇ ಮೇಲು ಅಂತಲ್ಲ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಭಾರತದಲ್ಲಿ ದುಡ್ಡಿಲ್ಲ, ರಾಜಾ ರಾಮಮೋಹನ್ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಕೊಡುತ್ತದೆ. ಇಲ್ಲಿ ನಮ್ಮದೇ ಹೆಸರಿನಲ್ಲಿ ಬೇಕೆಂದರೆ ಬೌಕರ್ ಸಂಸ್ಥೆಯಿಂದ ಕೊಳ್ಳಬೇಕು, ಒಂದಕ್ಕೇ 125 ಡಾಲರ್.

ಆದರೆ ತಿದ್ದುವವರ ವಿಷಯದಲ್ಲಿ ನಾವು ಮಾಡುತ್ತಿರುವುದು ತಪ್ಪು. ನಮ್ಮಲ್ಲಿ ಜನ ಇಲ್ಲವೇ? ಪತ್ರಿಕೆಗಳ ಡೆಸ್ಕಿನಲ್ಲಿ ಪಳಗಿದವರಿದ್ದಾರೆ, ನಿವೃತ್ತ ಕನ್ನಡ ಮೇಷ್ಟ್ರುಗಳಿದ್ದಾರೆ. ಅವರನ್ನು "ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾರ್" ಅಂತ ಕೇಳುತ್ತೇವೆ. ಮುಖಪುಟಕ್ಕೆ ದುಡ್ಡು, ಬಿಡುಗಡೆಯ ದಿನ ಶಾಲು ಹಾರಕ್ಕೆ ದುಡ್ಡು, ಇಡೀ ಪುಸ್ತಕ ಓದಿ ತಿದ್ದುವವರಿಗೆ ಬರೀ ಥ್ಯಾಂಕ್ಸ್. ಪುಟಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ಎರಡು ತಿಂಗಳು ಸಮಯ ಕೊಡಬೇಕು. ಆ ದುಡ್ಡು ಹೊಂದಿಸಲು 500ರ ಬದಲು ಮೊದಲು 100 ಪ್ರತಿ ಹಾಕಿಸಿದರೂ ಆಯಿತು. ಈಗ ಬೆಂಗಳೂರಿನಲ್ಲೇ ಕಡಿಮೆ ಪ್ರತಿ ಹಾಕಿಕೊಡುವ ಡಿಜಿಟಲ್ ಪ್ರೆಸ್ಸುಗಳಿವೆ. ಪ್ರತಿಯೊಂದಕ್ಕೆ ಬೆಲೆ ಜಾಸ್ತಿ ಬೀಳುತ್ತದೆ, ನಿಜ. ತಪ್ಪು ಕಂಡರೆ ಮುಂದಿನ 100ರಲ್ಲಿ ತಿದ್ದಬಹುದು ಅಲ್ವಾ?

ಎರಡನೇ ಮುದ್ರಣಕ್ಕೆ ತೀರ್ಥಹಳ್ಳಿ ಕಡೆಯವರೇ ಆದ ನಿವೃತ್ತ ಟೀಚರೊಬ್ಬರು ಸಿಕ್ಕಿದ್ದಾರೆ. ಮೊದಲ 20 ಪುಟಕ್ಕೆ 17 ಪ್ರಶ್ನೆ ಕಳಿಸಿದ್ದಾರೆ. ಅಮ್ಮ ದಿನಾ ಸಂಜೆ ಫೋನ್ ಹಿಡಿದು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಾಳೆ.