ಉಯೆನೋದ ಕನ್ನಡದಾನೆ

ಟೋಕಿಯೋದ ಉಯೆನೋ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಜೇಬಿನಲ್ಲಿ ಉದ್ದನೆಯ ಪಟ್ಟಿ ಇತ್ತು. ಒಂದೇ ಪಾರ್ಕು, ಅದರೊಳಗೇ ಸಾಲು ಮ್ಯೂಸಿಯಂಗಳು. ದಿನಕ್ಕೆ ನಾಲ್ಕು ಮುಗಿಸಿಬಿಡೋಣ ಅಂದುಕೊಂಡಿದ್ದೆ.

ಮ್ಯೂಸಿಯಂ ನೋಡುವುದೂ ಮದುವೆ ಊಟವೂ ಒಂದೇ. ಕೋಸಂಬರಿ, ಪಲ್ಯದಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಹೋಳಿಗೆ ಬರುವಾಗ ಎಲೆಗೆ ಕೈ ಅಡ್ಡ ಹಿಡಿಯಬೇಕಾಗುತ್ತದೆ. ರಾಷ್ಟ್ರೀಯ ಮ್ಯೂಸಿಯಂನ ಬುದ್ಧರು, ಕತ್ತಿಗಳ ನಡುವೆಯೇ ನನ್ನ ಕಾಲು ಸೋತವು. ಚಂಡೀಗಡದ ನಕ್ಷೆ ಬರೆದ ಲೆ ಕಾರ್ಬೂಸಿಯೆ ಇಲ್ಲೂ ಒಂದು ಕಲಾ ಮ್ಯೂಸಿಯಂ ವಿನ್ಯಾಸ ಮಾಡಿದ್ದಾನೆ. ಅದರ ಅಂಗಳದಲ್ಲಿ ಶಿಲ್ಪಿ ರೋದಾನ 'ಚಿಂತಕ' ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ. ಎದುರಿಗೆ ನಾನೂ ಕೂತೆ. ಅವನಿಗೇನು ಚಿಂತೆಯೋ, ನನಗಂತೂ ಮಂಡಿ ನೋವು.

ಪಟ್ಟಿಯನ್ನು ಮಡಚಿಟ್ಟು ಶಿನೊಬಜು ಕೆರೆಯ ಕಡೆ ಹೋದೆ. ಕೆರೆ ತುಂಬ ತಾವರೆ ಎಲೆ, ನಡುವೆ ಬೆಂಜೈತೆನ್ ದೇವಿಯ ಗುಡಿ. ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಬಂದು, ಹೆಸರು ಬದಲಾಯಿಸಿಕೊಂಡು, ಇಲ್ಲಿಯವಳೇ ಆಗಿದ್ದಾಳೆ.

ಪಕ್ಕದ ಮೃಗಾಲಯಕ್ಕೆ ಬಂದ ಇನ್ನೊಬ್ಬಳು ಮಾತ್ರ ಹಾಗೆಲ್ಲ ಬದಲಾಗಲಿಲ್ಲ. 1943ರಲ್ಲಿ, ಯುದ್ಧದ ಹೊತ್ತಿನಲ್ಲಿ, ಇಲ್ಲಿನ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಮಕ್ಕಳು ಆನೆ ಬೇಕು ಅಂತ ನೆಹರೂ ಅವರಿಗೆ ಕಾಗದ ಬರೆದರು. ನೆಹರೂ ಅವರು ಮಗಳ ಹೆಸರನ್ನೇ ಇಟ್ಟು, 1949ರಲ್ಲಿ ಇಂದಿರಾ ಎಂಬ ಆನೆಯನ್ನು ಕಳಿಸಿದರು. ಅದು ಮೈಸೂರು ಸೀಮೆಯ ಆನೆ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ ಮಾತ್ರ! ಜಪಾನಿನ ಆನೆ ಕಾಯುವವರೇ ನಮ್ಮ ಮಾವುತರ ಹತ್ತಿರ ಕನ್ನಡ ಕಲಿಯಬೇಕಾಯಿತು.

ಬೆಂಗಳೂರಿನಲ್ಲಿ ಆಟೋದವನ ಜೊತೆ ಯಾವ ಭಾಷೆಯಲ್ಲಿ ಮಾತಾಡೋದು ಅಂತ ತಡವರಿಸುವ ನನಗೆ ಆ ಆನೆಯ ಮೇಲೆ ಗೌರವ ಜಾಸ್ತಿಯಾಯಿತು. ಏನು ಕಲಿತಿದ್ದರೋ ಅವರು? 'ಬಾ', 'ಏಳು', 'ಕೂತ್ಕೋ'? 'ಳ' ಬಂದಾಗ ನಾಲಗೆ ತಿರುಗಿತ್ತೋ ಇಲ್ಲವೋ! ತಪ್ಪು ಉಚ್ಚಾರಣೆಗೆ ಆನೆ ಸುಮ್ನೆ ನಿಂತುಬಿಟ್ಟಿರಬೇಕು, ನಮ್ಮ ಕನ್ನಡ ಮೇಷ್ಟ್ರ ಹಾಗೆ.

ಇಂದಿರಾ ತೀರಿಕೊಂಡದ್ದು 1983ರಲ್ಲಿ. ಈಗಿರುವ ಆನೆಗಳಿಗೂ ಅವಳಿಗೂ ಏನೂ ಸಂಬಂಧವಿಲ್ಲ. ಆದರೂ ಬೇಲಿಯ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಮೆಲ್ಲಗೆ "ಬಾರೇ" ಅಂದೆ.

ಒಂದಾನೆ ಕಿವಿ ಅಲ್ಲಾಡಿಸಿತು. ಆನೆ ಅಂದಮೇಲೆ ಕಿವಿ ಅಲ್ಲಾಡಿಸುತ್ತೆ, ಅಲ್ವಾ?