ಅದು ಸರಿ, ಕೆಲಸ ಏನು?

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಡಾನ್ಸರ್. ಹಾಗಂದರೆ ಸೋಮವಾರಪೇಟೆ ಕಡೆ ಯಾರೂ ಅಲ್ಲಿಗೇ ಬಿಡುವುದಿಲ್ಲ. ‘ಅದು ಸರಿ, ಕೆಲಸ ಏನು?’ ಅಂತಾರೆ.

ಅವರದ್ದೂ ತಪ್ಪಿಲ್ಲ. ಕೊಡಗಿನಲ್ಲಿ ಕುಣಿಯದವರು ಯಾರಿದ್ದಾರೆ ಹೇಳಿ? ವಿರಾಜಪೇಟೆಯಲ್ಲಿ ಕೊಡವರ ಮದುವೆಗೆ ಹೋಗಿ ನೋಡಿ. ವಾಲಗ ಶುರುವಾದರೆ ಸಾಕು, ರಿಟೈರ್ಡ್ ಕರ್ನಲ್ ಕೈ ಮೇಲೆತ್ತುತ್ತಾರೆ. ಮಂಡಿನೋವು ಅಂತ ಬೆಳಿಗ್ಗೆಯಿಂದ ಕುರ್ಚಿ ಬಿಡದ ಅಜ್ಜಿಯೂ ಎದ್ದು ಬರುತ್ತಾರೆ. ಸುಗ್ಗಿ ಹಬ್ಬ ಹುತ್ತರಿ ಬಂದರೆ ಊರಿನ ಬಯಲು ಮಂದ್‌ನಲ್ಲಿ ಕೋಲಾಟ. ಎಲ್ಲರೂ ಪುಕ್ಕಟೆ ಮಾಡುವುದಕ್ಕೆ ದುಡ್ಡು ಕೊಡುವವರು ಯಾರು ಅನ್ನೋದು ಊರಿನ ಲೆಕ್ಕ.

ಭರತನಾಟ್ಯವಾಗಿದ್ದರೆ ಬಚಾವಾಗುತ್ತಿದ್ದಳು. ಗೆಜ್ಜೆ, ರೇಷ್ಮೆ, ಗೋಡೆಗೊಂದು ಫೋಟೋ. ಇವಳದು ಸಮಕಾಲೀನ ನೃತ್ಯ. ಬರಿಗಾಲು, ಹಳೇ ಟೀ ಶರ್ಟು, ನೆಲಕ್ಕೆ ಬೀಳೋದೇ ಜಾಸ್ತಿ. ಮಂಡಿಯ ಚರ್ಮ ಕಪ್ಪಾಗಿ, ಹಲಸಿನ ಸಿಪ್ಪೆ ಹಾಗೆ ಒರಟಾಗಿದೆ. ಬೆಂಗಳೂರಿನಲ್ಲಿ, 1992ರಲ್ಲಿ ಶುರುವಾದ ಅಟ್ಟಕ್ಕಳರಿ ಅನ್ನೋ ಸಂಸ್ಥೆಯಲ್ಲಿ ಕೇರಳದ ಸಮರಕಲೆ ಕಳರಿಪಯಟ್ಟನ್ನೂ ಈ ಹೊಸ ನೃತ್ಯವನ್ನೂ ಒಟ್ಟಿಗೆ ಕಲಿಸುತ್ತಾರಂತೆ. ಅದಕ್ಕೂ ಎಷ್ಟೋ ಮೊದಲೇ ಮಲ್ಲೇಶ್ವರದ ಮಾಯಾ ರಾವ್ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆ ಕಲಿತು ಬಂದು, 1964ರಲ್ಲಿ ದೆಹಲಿಯಲ್ಲಿ ಶಾಲೆ ತೆರೆದರು. ಅರವತ್ತು ವರ್ಷ ಆಯಿತಲ್ವಾ? ಆದರೂ ಹೋದ ವರ್ಷ ಒಂದು ಬ್ಯಾಂಕಿನ ಅರ್ಜಿಯಲ್ಲಿ ಇವಳು ವೃತ್ತಿ ‘ನೃತ್ಯ ಸಂಯೋಜಕಿ’ ಅಂತ ಬರೆದರೆ, ಗುಮಾಸ್ತರು ಅದನ್ನು ಹೊಡೆದು ‘ಗೃಹಿಣಿ’ ಅಂತ ತಿದ್ದಿದರು. ಮದುವೆಯೇ ಆಗಿಲ್ಲ ಅವಳಿಗೆ.

ಆ ಮಳೆಗಾಲ ಊರಿಗೆ ಬಂದವಳು ಜಿಗಣೆ ಹಿಂದೆ ಬಿದ್ದಳು. ನಾವೆಲ್ಲ ಉಪ್ಪು ಹಿಡಿದು ಓಡಾಡುವ ಕಾಲ. ಇವಳು ಮೊಣಕೈಗೆ ಒಂದನ್ನು ಹತ್ತಿಸಿಕೊಂಡು ನೋಡುತ್ತಾ ಕೂತಳು. ಅದು ಬಾಲ ಊರಿ, ಮೈ ನೂಲಿನ ಹಾಗೆ ಎಳೆದು, ಗಾಳಿಯಲ್ಲಿ ಆ ಕಡೆ ಈ ಕಡೆ ತಡಕಾಡಿತು. ಬಾಯಿ ಅಂಟಿದ ಮೇಲೆ ಬಾಲ ಎಳೆದುಕೊಂಡಿತು. ನಡುವೆ ಮೈ ಕಮಾನು. ಆಮೇಲೆ ಖಾಲಿ ಗೋದಾಮಿಗೆ ಹೋಗಿ, ನೆಲದ ಮೇಲೆ ಇವಳೂ ಹಾಗೇ.

ಮಳೆ ಜೋರಾಗಿ, ತೋಟದ ಕೆಲಸದ ಹೆಂಗಸೊಬ್ಬರು ಗೊರಬೆ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತು ನೋಡಿ, ‘ಅಮ್ಮಾ, ಜಿಗಣೆ ಅಷ್ಟು ಅರ್ಜೆಂಟಲ್ಲಿ ಹೋಗಲ್ಲ’ ಅಂದರು.

‘ಮತ್ತೆ ಹೇಗೆ ಅಕ್ಕಾ? ತೋರಿಸಿ.’

ಆಯಮ್ಮ ಗೊರಬೆ ಗೋಡೆಗೊರಗಿಸಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಸಂಜೆವರೆಗೆ ಇಬ್ಬರೂ ಹೊರಗೆ ಬರಲಿಲ್ಲ.

ಕೂಲಿ ಪೂರ್ತಿ ಕೊಟ್ಟೆ. ಆದರೆ ತೋಟದ ಹಾಜರಿ ಪುಸ್ತಕ ಚೆಕ್‌ರೋಲ್‌ನಲ್ಲಿ ಕೆಲಸದ ಕಾಲಂ ಖಾಲಿ ಬಿಡೋ ಹಾಗಿಲ್ಲ. ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ‘ಚಿಗುರು ತೆಗೆದದ್ದು’ ಅಂತ ಬರೆದೆ.