ಬಿದ್ದು ಹೆಸರು ಮಾಡಿದವನು

ಈವಲ್ ಕ್ನೀವಲ್ ಎಂಬ ಅಮೆರಿಕದ ಸಾಹಸಿ ಸಾಲು ಬಸ್ಸುಗಳ ಮೇಲಿಂದ ಮೋಟಾರ್‌ಸೈಕಲ್ ಹಾರಿಸಿ ಊರೂರಿಗೆ ಹೆಸರಾಗುವ ಮೊದಲು ಇನ್ಶೂರೆನ್ಸ್ ಮಾರುತ್ತಿದ್ದನಂತೆ. ಇದು ಗೊತ್ತಾದ ಮೇಲೆ ಅವನ ಧೈರ್ಯದ ಬಗ್ಗೆ ನನಗೆ ಆಶ್ಚರ್ಯವೇ ಉಳಿಯಲಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಹಾಕಿಸಿಕೊಂಡು ಕೂತವರ ಪಕ್ಕಕ್ಕೆ ಬಂದು "ಸಾರ್, ನಾಳೆ ನೀವೇ ಇಲ್ಲ ಅಂತಿಟ್ಕೊಳ್ಳಿ" ಎಂದು ಶುರು ಮಾಡಬಲ್ಲವನಿಗೆ ಸಾಲಾಗಿ ನಿಲ್ಲಿಸಿದ ಬಸ್ಸುಗಳು ಯಾವ ಲೆಕ್ಕ? ತಮಾಷೆ ಅಂದ್ರೆ, ಆಮೇಲೆ ಅವನಿಗೇ ಪಾಲಿಸಿ ಸಿಗುವುದು ಕಷ್ಟವಾಯಿತು. ಅದನ್ನೂ ಅವನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದ.

ಹುಟ್ಟಿದ್ದು 1938ರಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ಗಣಿ ಊರಿನಲ್ಲಿ. ಮನೆಯವರು ಇಟ್ಟ ಹೆಸರು ರಾಬರ್ಟ್. 1965ರಲ್ಲಿ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್‌ನಲ್ಲಿ ಬೈಕ್ ಅಂಗಡಿ ಇಟ್ಟುಕೊಂಡಿದ್ದಾಗ ಗಿರಾಕಿಗಳು ಬರಲಿ ಎಂದು ಮೊದಲ ಸಲ ಹಾರಿದ. ಯಾವುದರ ಮೇಲೆ? ಒಂದು ಪೆಟ್ಟಿಗೆ ತುಂಬ ವಿಷದ ಹಾವು, ಜೊತೆಗೆ ಎರಡು ಪ್ಯೂಮಾ, ಅಂದ್ರೆ ಅಮೆರಿಕದ ಬೆಟ್ಟದ ಸಿಂಹ. ಪ್ಯೂಮಾಗಳನ್ನು ದಾಟಿದ. ಹಾವಿನ ಪೆಟ್ಟಿಗೆಗೆ ಹಿಂದಿನ ಚಕ್ರ ಬಡಿಯಿತು. ಹಾವುಗಳು ಹೊರಗೆ ಬಂದವು, ಗಿರಾಕಿಗಳು ದಿಕ್ಕಾಪಾಲಾದರು. ಆ ದಿನ ಎಷ್ಟು ಬೈಕ್ ಮಾರಾಟವಾಯಿತೋ ದೇವರಿಗೇ ಗೊತ್ತು.

ನನಗೆ ಈ ಪುಣ್ಯಾತ್ಮನ ಪರಿಚಯ ಆಗಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಾಗ. ನಾನು ಬಿದ್ದಿದ್ದೂ ದ್ವಿಚಕ್ರ ವಾಹನದಿಂದಲೇ. ಆದರೆ ಹೇಳಿಕೊಳ್ಳುವಂಥದ್ದಲ್ಲ, ಯಾಕಂದ್ರೆ ಸ್ಕೂಟರ್ ನಿಂತಿತ್ತು. ನಮ್ಮ ಗೇಟಿನ ಮುಂದೆ ಚರಂಡಿ ದಾಟುವುದಕ್ಕೆ ಒಂದು ಸಿಮೆಂಟಿನ ಇಳಿಜಾರು ಇದೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಗೇಟಿನ ಚಿಲಕಕ್ಕೆ ಒಂದು ಕೈ ಚಾಚಿದ್ದೆ, ಇನ್ನೊಂದು ಕೈ ಬ್ರೇಕಿನ ಮೇಲಿತ್ತು, ಮುಂದಿನ ಕೊಕ್ಕೆಗೆ ಮೊಸರಿನ ಪ್ಯಾಕೆಟ್ ನೇತಾಡುತ್ತಿತ್ತು. ಊರಿದ ಎಡಗಾಲು ನಿಧಾನಕ್ಕೆ ಜಾರತೊಡಗಿತು. ಎಷ್ಟು ನಿಧಾನ ಅಂದ್ರೆ, "ಓಹೋ, ಈಗ ನಾನು ಬೀಳ್ತಾ ಇದೀನಿ" ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಹೆಲ್ಮೆಟ್ ಹಾಕಿದ್ದೀನಾ ಎಂದು ಯೋಚಿಸಿ, ಆಮೇಲೆ ಬಿದ್ದೆ. ಸ್ಕೂಟರ್ ನನ್ನ ಪಾದದ ಮೇಲೆ ಆರಾಮಾಗಿ ಮಲಗಿತು. ಮೊಸರಿಗೆ ಏನೂ ಆಗಲಿಲ್ಲ. ಎದುರು ಮನೆಯವರು ಹೊರಗೆ ಬಂದು, ಕನ್ನಡಕ ಸರಿ ಮಾಡಿಕೊಂಡು, ಪೂರ್ತಿ ನೋಡಿ, "ಏನ್ ಸಾರ್, ಬಿದ್ರಾ?" ಎಂದರು.

ಆಮೇಲಿನದು ಗೊತ್ತೇ ಇದೆಯಲ್ಲ. ಪ್ಲಾಸ್ಟರ್ ಹಾಕಿದ್ದು ಡಾಕ್ಟರಾದರೂ ಚಿಕಿತ್ಸೆ ನೆಂಟರದ್ದೇ. "ಪುತ್ತೂರು ಕಟ್ಟು ಹಾಕಿಸಬೇಕಿತ್ತು" ಎಂದು ದೊಡ್ಡಪ್ಪ. "ಕಾಲು ಸೂಪ್ ಕುಡೀರಿ" ಎಂದು ಆಫೀಸಿನವರು. ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಎಷ್ಟು ಸ್ಪೀಡಲ್ಲಿದ್ರಿ?" ಉತ್ತರ ಕೇಳಿದ ಮೇಲೆ ಬಂದವರ ಮುಖದಲ್ಲಿ ಕನಿಕರ ಕಡಿಮೆಯಾಗಿ ನಗು ತಡೆಯುವ ಕಷ್ಟ ಕಾಣುತ್ತಿತ್ತು. ಇದೆಲ್ಲ ನೋಡಿ ಮಗ ನನ್ನ ಕೈಗೆ ಮೊಬೈಲ್ ಕೊಟ್ಟು, "ಅಪ್ಪ, ಸರಿಯಾಗಿ ಬೀಳೋದು ಹೇಗೆ ಅಂತ ಇಲ್ಲಿ ನೋಡು" ಎಂದ.

ಅದು 1967ರ ಡಿಸೆಂಬರ್ 31ರ ಚಿತ್ರ. ಜಾಗ ಲಾಸ್ ವೇಗಸ್, ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಮುಂದಿನ ಕಾರಂಜಿ. ಹೋಟೆಲಿನ ಮಾಲೀಕನನ್ನು ಒಪ್ಪಿಸಲು ಕ್ನೀವಲ್ ಬೇರೆ ಬೇರೆ ದನಿಯಲ್ಲಿ ತಾನೇ ಫೋನ್ ಮಾಡಿದ್ದ. ಒಮ್ಮೆ ಪತ್ರಕರ್ತನಾಗಿ, ಒಮ್ಮೆ ತನ್ನದೇ ವಕೀಲನಾಗಿ. "ಆ ಕ್ನೀವಲ್ ನಿಮ್ಮಲ್ಲಿ ಹಾರ್ತಾನಂತೆ, ನಿಜಾನಾ?" ಇನ್ಶೂರೆನ್ಸಿನಲ್ಲಿ ಪಳಗಿದ ಕೈ ಎಂದು ಸುಮ್ನೆ ಹೇಳಿದ್ದಲ್ಲ.

ಹಾರಬೇಕಾದ ದೂರ 141 ಅಡಿ. ಬಿಳಿ ಚರ್ಮದ ಉಡುಪು, ಟ್ರಯಂಫ್ ಬೈಕು. ಮೇಲೆ ಹೋಗಿದ್ದು ಚೆನ್ನಾಗಿಯೇ ಹೋದ. ಇಳಿಯುವಾಗ ಹಿಂದಿನ ಚಕ್ರ ಇಳಿಜಾರಿನ ಅಂಚಿಗೆ ಬಡಿಯಿತು. ಹ್ಯಾಂಡಲ್ ಎರಡೂ ಕೈಯಿಂದ ಕಿತ್ತುಕೊಂಡು ಹೋಯಿತು. ಅಲ್ಲಿಂದ ಮುಂದೆ ಬೈಕಿನ ದಾರಿ ಬೈಕಿಗೆ, ಇವನ ದಾರಿ ಇವನಿಗೆ. ತಲೆ ಕೆಳಗೆ, ಕಾಲು ಮೇಲೆ, ಮತ್ತೆ ತಲೆ ಕೆಳಗೆ, ಕೈಗಳು ಯಾರದೋ ಎಂಬಂತೆ ಅತ್ತಿತ್ತ. ಇಳಿಯುವ ಕಡೆ ಕ್ಯಾಮೆರಾ ಹಿಡಿದಿದ್ದವಳು ನಟಿ ಲಿಂಡಾ ಇವಾನ್ಸ್, ಕೈ ಒಂದಿಷ್ಟೂ ನಡುಗಿಸಿಲ್ಲ. ಅದನ್ನು ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ. ನೋಡಿದಾಗ ನನಗೆ ದೊಡ್ಡ ಸಮಾಧಾನವಾಯಿತು. ನಾನು ಬಿದ್ದದ್ದೂ ಇದೇ ಸ್ಪೀಡಿನಲ್ಲಿ.

ಸೊಂಟ, ತೊಡೆ, ಮಣಿಕಟ್ಟು, ಕಾಲಿನ ಕೀಲು, ಎಲ್ಲ ಹೋಯಿತು. 29 ದಿನ ಕೋಮಾದಲ್ಲಿದ್ದ ಎಂದು ಕತೆ ಹಬ್ಬಿತು. ಅದರಲ್ಲಿ ನಿಜ ಎಷ್ಟೋ, ಅವನು ಮಾತ್ರ ಅಲ್ಲಗಳೆಯಲಿಲ್ಲ. ಇದನ್ನು ನೇರ ಪ್ರಸಾರ ಮಾಡಲು ಒಲ್ಲೆ ಎಂದಿದ್ದ ಟಿವಿ ಕಂಪನಿ ಎಬಿಸಿ, ಆಮೇಲೆ ಅದೇ ಚಿತ್ರವನ್ನು ದುಡ್ಡು ಕೊಟ್ಟು ಕೊಂಡಿತು. ನೆಟ್ಟಗೆ ಇಳಿದಿದ್ದರೆ ಕೊಳ್ಳುತ್ತಿದ್ದರಾ? ನನಗಂತೂ ನಂಬಿಕೆ ಇಲ್ಲ.

ನಮ್ಮ ಜಾತ್ರೆಗಳ ಮರಣ ಬಾವಿಯನ್ನೇ ನೋಡಿ. ಹಲಗೆಯ ಗೋಡೆ ಮೇಲೆ ಬೈಕು ಸುತ್ತುಹಾಕುತ್ತದೆ. ಸವಾರ ಎರಡೂ ಕೈ ಬಿಟ್ಟು, ಮೇಲೆ ನಿಂತವರು ಚಾಚಿದ ಹತ್ತು ರೂಪಾಯಿ ನೋಟನ್ನು ಬೆರಳಿನಿಂದ ಎಗರಿಸಿಕೊಂಡು ಹೋಗುತ್ತಾನೆ. ದಿನಕ್ಕೆ ಎಷ್ಟೋ ಆಟ. ಬಹುತೇಕ ಯಾವತ್ತೂ ಬೀಳುವುದಿಲ್ಲ. ಅವರಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ?

ಕ್ನೀವಲ್ ಹಾಗಲ್ಲ. 1974ರ ಸೆಪ್ಟೆಂಬರ್ 8ರಂದು ಐಡಾಹೋದ ಸ್ನೇಕ್ ನದಿಯ ಕಮರಿ ಹಾರುತ್ತೇನೆಂದು ಹೊರಟ. ಬೈಕಿನಿಂದ ಆಗದ ಕೆಲಸ ಅದು. ರಾಬರ್ಟ್ ಟ್ರುವಾಕ್ಸ್ ಎಂಬ ಎಂಜಿನಿಯರ್ ಕುದಿನೀರಿನ ಹಬೆಯಿಂದ ನುಗ್ಗುವ ರಾಕೆಟ್ ಮಾಡಿಕೊಟ್ಟ. ಹೆಸರು ಸ್ಕೈಸೈಕಲ್. ಸರ್ಕಾರದವರು ಅದನ್ನು ವಿಮಾನ ಎಂದು ನೋಂದಾಯಿಸಿಕೊಂಡರು. ಹೊರಟ ಕ್ಷಣದಲ್ಲೇ ಪ್ಯಾರಾಶೂಟ್ ಬಿಚ್ಚಿಕೊಂಡಿತು. ರಾಕೆಟ್ ಕಮರಿ ಮೇಲೆ ಹೋಗಿದ್ದು ನಿಜ, ಆದರೆ ಗಾಳಿ ವಾಪಸ್ ತಳ್ಳಿ, ಹೊರಟ ಬದಿಗೇ, ಹೊಳೆಯ ದಂಡೆಗೆ ತಂದು ಇಳಿಸಿತು. ಕೆಳಗೆ ಬಿದ್ದವನಿಗೆ ತರಚು ಗಾಯ ಅಷ್ಟೇ. 2016ರಲ್ಲಿ ಎಡ್ಡೀ ಬ್ರಾನ್ ಎಂಬ ಸ್ಟಂಟ್‌ಮ್ಯಾನ್, ಟ್ರುವಾಕ್ಸ್‌ನ ಮಗ ಕಟ್ಟಿದ ಅಂಥದ್ದೇ ರಾಕೆಟ್‌ನಲ್ಲಿ ಅದೇ ಕಮರಿಯನ್ನು ಸಲೀಸಾಗಿ ದಾಟಿದ. ಕೇಳಿದ್ದೀರಾ ಅವನ ಹೆಸರು? ಪಾಪ, ಅವನು ತನ್ನ ರಾಕೆಟ್ಟಿಗೂ ಈವಲ್ ಹೆಸರನ್ನೇ ಇಟ್ಟಿದ್ದ.

ನನಗೆ ತೀರಾ ಇಷ್ಟವಾಗಿದ್ದು ಲಂಡನ್ನಿನ ವೆಂಬ್ಲಿಯದು. 1975ರ ಮೇ 26, ಹದಿಮೂರು ಬಸ್ಸು, ಸುಮಾರು 90,000 ಜನ. ಆಗಲ್ಲ ಎಂದು ಅವನಿಗೇ ಅನ್ನಿಸಿತ್ತು, ಟಿವಿಯ ಗೆಳೆಯನ ಹತ್ತಿರ ಹೇಳಿಯೂ ಇದ್ದ. ಆದರೂ ಹಾರಿದ. ಕೊನೆ ಬಸ್ಸಿನ ಹತ್ತಿರ ಲೆಕ್ಕ ತಪ್ಪಿತು. ಅವನ ಹಾರ್ಲಿ ಬೈಕು ಹಾರುವುದಕ್ಕೆ ಮಾಡಿದ್ದೇ ಅಲ್ಲ, ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಓಡಿಸುವುದಕ್ಕೆ. ಗುಡ್ಡ ದಿಬ್ಬ ಹಾರುವುದಕ್ಕೇ ಮಾಡಿದ ಈಗಿನ ಮೋಟೋಕ್ರಾಸ್ ಬೈಕುಗಳ ಸಸ್ಪೆನ್ಷನ್ ಸುಮಾರು ಒಂದು ಅಡಿ ಕುಗ್ಗುತ್ತದೆ, ಅದರದ್ದು ಕೆಲವೇ ಇಂಚು. ಉಳಿದ ಪೆಟ್ಟನ್ನೆಲ್ಲ ಸೊಂಟವೇ ತಿನ್ನಬೇಕು. ತಿಂದು ಮುರಿಯಿತು. ಸ್ಟ್ರೆಚರ್ ಬಂತು. ಬೇಡ ಎಂದ. ಹಿಡಿದು ನಿಲ್ಲಿಸಿ ಎಂದ. ಮೈಕು ತರಿಸಿಕೊಂಡು, ನಾನು ಹಾರುವುದನ್ನು ನೋಡಿದ ಕೊನೆಯ ಜನ ನೀವೇ, ಇನ್ನು ಮುಗಿಯಿತು ಎಂದು ಘೋಷಿಸಿದ. ಜನ ಕಣ್ಣೀರು ಹಾಕಿದರು. ಆಮೇಲೆ ಹೆಗಲು ಹಿಡಿದುಕೊಂಡು ನಡೆದೇ ಹೊರಗೆ ಹೋದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆಗೆ ಇವನಿಗಿಂತ ಒಳ್ಳೆಯ ಜಟ್ಟಿ ಸಿಕ್ಕಲಾರ. ಐದು ತಿಂಗಳಿಗೆ, ಅಕ್ಟೋಬರ್ 25ರಂದು, ಅಮೆರಿಕದ ಒಹಾಯೊದಲ್ಲಿ ಹದಿನಾಲ್ಕು ಬಸ್ ಹಾರಿದ. ಈ ಸಲ ಬೀಳಲಿಲ್ಲ. ನಿವೃತ್ತಿ ಘೋಷಿಸಿ ವಾಪಸ್ ಬರುವ ವಿದ್ಯೆ ನಮ್ಮ ರಾಜಕಾರಣಿಗಳಿಗಷ್ಟೇ ಗೊತ್ತು ಅಂದುಕೊಂಡಿದ್ದೆ.

ಗಿನ್ನೆಸ್ ದಾಖಲೆಯ ಪ್ರಕಾರ 433 ಸಲ ಮೂಳೆ ಮುರಿದುಕೊಂಡಿದ್ದಾನೆ. ದೇವರು ಕೊಟ್ಟಿದ್ದೇ 206. ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಅವರು ಗಂಭೀರವಾಗಿ, "ಪುತ್ತೂರಿಗೆ ಹೋಗಿದ್ರೆ ಒಂದೇ ಸಲಕ್ಕೆ ನಿಲ್ಲುತ್ತಿತ್ತು" ಎಂದರು. ಊರುಗೋಲಿನ ವಿಷಯದಲ್ಲಿ ಮಾತ್ರ ಕ್ನೀವಲ್ ಮೇಲೆ ನನಗೆ ಹೊಟ್ಟೆಕಿಚ್ಚು. ಅವನ ಕೋಲಿಗೆ ಒಳಗೆ ವಿಸ್ಕಿ ತುಂಬಿಕೊಳ್ಳುವ ವ್ಯವಸ್ಥೆ ಇತ್ತಂತೆ. ನನಗೆ ಸಿಕ್ಕಿದ್ದು ಮಾವನವರದ್ದು. ಅದರೊಳಗೆ ಗೆದ್ದಲು.

ಅವನೇನು ಸಂತನಲ್ಲ. 1977ರಲ್ಲಿ, ತನ್ನ ಬಗ್ಗೆ ಪುಸ್ತಕ ಬರೆದವನನ್ನು ಬೇಸ್‌ಬಾಲ್ ಬ್ಯಾಟಿನಿಂದ ಬಡಿದು ಕೈ ಮುರಿದ. ಜೈಲಾಯಿತು, ಅವನ ಹೆಸರಿನಲ್ಲಿ ಆಟಿಕೆ ಮಾರುತ್ತಿದ್ದ ಕಂಪನಿಯೂ ಕೈ ಬಿಟ್ಟಿತು. ಆ ಬಿದ್ದದ್ದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಹೊಡೆಯಬಾರದು ಕೂಡ.

1989ರಲ್ಲಿ ಅವನ ಮಗ ರಾಬಿ ಅದೇ ಸೀಸರ್ಸ್ ಕಾರಂಜಿಯನ್ನು ಅಚ್ಚುಕಟ್ಟಾಗಿ ಹಾರಿ ಇಳಿದ. ಅಪ್ಪ ಅಲ್ಲೇ ಇದ್ದ, ತಬ್ಬಿಕೊಂಡ. ಹತ್ತು ವರ್ಷದ ನಂತರ, 1999ರಲ್ಲಿ, ಅಪ್ಪ ಎರಡನೇ ಮದುವೆಯಾದ. ಮಂಟಪ ಹಾಕಿದ್ದು ಎಲ್ಲಿ ಗೊತ್ತಾ? ಅದೇ ಕಾರಂಜಿಯ ಹತ್ತಿರ! ಎರಡು ವರ್ಷಕ್ಕೆ ವಿಚ್ಛೇದನ.

ಕತೆಯೆಲ್ಲ ಹೇಳಿ, "ನೋಡು, ಆ ಕಾರಂಜಿ ಅವನಿಗೆ ಆಗಿಬರಲೇ ಇಲ್ಲ" ಎಂದೆ.

"ಆಗಿಬರೋದು ಹೇಗ್ರೀ?" ಎಂದಳು ಹೆಂಡತಿ. "ನೀರು ಈಶಾನ್ಯದಲ್ಲಿ ಇರಬೇಕು. ಅಷ್ಟು ದೊಡ್ಡ ಹೋಟೆಲ್ ಕಟ್ಟಿದವರಿಗೆ ಯಾರೂ ಹೇಳ್ಲಿಲ್ವಾ?"